ವಾಲ್ಟ್ ಡಿಸ್ನಿ ವರ್ಲ್ಡ್

ವಾಲ್ಟ್ ಡಿಸ್ನಿ ವರ್ಲ್ಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದಲ್ಲಿರುವ ಒಂದು ಬೃಹತ್ ಮನರಂಜನಾ ಸಂಕೀರ್ಣ. ಒರ್ಲ್ಯಾಂಡೊ ನಗರದ ನೈಋತ್ಯಕ್ಕೆ, ಆರೆಂಜ್ ಮತ್ತು ಆಸಿಯೋಲಾ ಕೌಂಟಿಗಳಲ್ಲಿ ಹರಡಿಕೊಂಡಿರುವ ಇದರ ವಿಸ್ತಾರ ಸುಮಾರು 25,000 ಎಕರೆ, ಅಂದರೆ ಸರಿಸುಮಾರು 100 ಚದರ ಕಿಲೋಮೀಟರ್. 1971ರ ಅಕ್ಟೋಬರ್ 1ರಂದು ಪ್ರಾರಂಭವಾದ ಈ ಸಂಕೀರ್ಣದಲ್ಲಿ ನಾಲ್ಕು ಥೀಮ್ ಪಾರ್ಕ್‌ಗಳು, ಎರಡು ಜಲಕ್ರೀಡಾ ಉದ್ಯಾನಗಳು, ಇಪ್ಪತ್ತೈದಕ್ಕೂ ಹೆಚ್ಚು ಹೋಟೆಲುಗಳು, ಗಾಲ್ಫ್ ಮೈದಾನಗಳು ಹಾಗೂ ಡಿಸ್ನಿ ಸ್ಪ್ರಿಂಗ್ಸ್ ಎಂಬ ವ್ಯಾಪಾರ ಕೇಂದ್ರ ಇವೆ. ಸಂಕೀರ್ಣದ ಮೊದಲ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್ ಜಗತ್ತಿನಲ್ಲಿಯೇ ಅತಿ ಹೆಚ್ಚು ಜನರು ಭೇಟಿ ನೀಡುವ ಥೀಮ್ ಪಾರ್ಕ್‌ಗಳಲ್ಲಿ ಒಂದು. 2019ರಲ್ಲಿ ಅಲ್ಲಿಗೆ ಸುಮಾರು 2 ಕೋಟಿ 9 ಲಕ್ಷ ಸಂದರ್ಶಕರು ಬಂದಿದ್ದರೆಂದು ಅಂದಾಜಿಸಲಾಗಿದೆ.

ಇಷ್ಟು ವಿಶಾಲವಾದ ಸ್ಥಳವನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವುದು ಅಸಾಧ್ಯ. ಪ್ರವೇಶ ದರ ದಿನದಿಂದ ದಿನಕ್ಕೆ ಬದಲಾಗುವುದು, ಉಪಾಹಾರ ಗೃಹಗಳ ಜಾಗವನ್ನು ವಾರಗಳ ಮೊದಲೇ ಕಾಯ್ದಿರಿಸಬೇಕಾಗುವುದು, ಸರತಿ ಸಾಲುಗಳು ದೀರ್ಘವಾಗಿರುವುದು ಮುಂತಾದ ಕಾರಣಗಳಿಂದ ಇಲ್ಲಿಗೆ ಕುಟುಂಬ ಸಮೇತ ಹೋಗುವವರಿಗೆ ಪೂರ್ವಯೋಜನೆಯೇ ಪ್ರವಾಸದ ಒಂದು ಮುಖ್ಯ ಭಾಗವಾಗಿದೆ.

ಇತಿಹಾಸ

ಚಲನಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಉದ್ಯಾನವನ್ನು ತೆರೆದರು. ಅದರ ಯಶಸ್ಸಿನ ಬೆನ್ನಲ್ಲೇ ಸುತ್ತಮುತ್ತ ಇತರರ ಹೋಟೆಲುಗಳೂ ಅಂಗಡಿಗಳೂ ತಲೆಯೆತ್ತಿ, ಉದ್ಯಾನವನ್ನು ವಿಸ್ತರಿಸಲು ಜಾಗವಿಲ್ಲದಂತಾಯಿತು. ಈ ಅನುಭವದಿಂದ ಪಾಠ ಕಲಿತ ಅವರು ಎರಡನೆಯ ಯೋಜನೆಗೆ ಬಹು ವಿಸ್ತಾರವಾದ ಭೂಮಿಯನ್ನು ಹುಡುಕಿದರು. ಕೊಳ್ಳುವವರು ಯಾರೆಂದು ತಿಳಿದರೆ ಬೆಲೆ ಏರುವುದೆಂಬ ಕಾರಣಕ್ಕೆ, 1960ರ ದಶಕದ ನಡುವಿನ ವರ್ಷಗಳಲ್ಲಿ ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ ಮಧ್ಯ ಫ್ಲಾರಿಡಾದ ಜೌಗು ನೆಲ ಮತ್ತು ಕಾಡುಗಳನ್ನು ಗುಟ್ಟಾಗಿ ಖರೀದಿಸಲಾಯಿತು. 1965ರ ಅಕ್ಟೋಬರ್‌ನಲ್ಲಿ ಒರ್ಲ್ಯಾಂಡೊದ ಪತ್ರಿಕೆಯೊಂದು ಈ ಗುಟ್ಟನ್ನು ಬಯಲು ಮಾಡಿತು. ಅದೇ ವರ್ಷ ನವೆಂಬರ್ 15ರಂದು ಯೋಜನೆಯನ್ನು ಅಧಿಕೃತವಾಗಿ ಪ್ರಕಟಿಸಲಾಯಿತು.

ವಾಲ್ಟ್ ಡಿಸ್ನಿ 1966ರ ಡಿಸೆಂಬರ್ 15ರಂದು ನಿಧನರಾದರು. ನಿವೃತ್ತಿಯ ಅಂಚಿನಲ್ಲಿದ್ದ ಅವರ ಅಣ್ಣ ರಾಯ್ ಡಿಸ್ನಿ ನಿರ್ಮಾಣದ ಹೊಣೆಯನ್ನು ಹೊತ್ತರು. ತಮ್ಮನ ನೆನಪು ಉಳಿಯಬೇಕೆಂದು ಸಂಕೀರ್ಣಕ್ಕೆ ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂಬ ಪೂರ್ಣ ಹೆಸರನ್ನು ಇಡಿಸಿದವರು ಇವರೇ. ಪ್ರಾರಂಭೋತ್ಸವದ ಮೂರು ತಿಂಗಳೊಳಗೆ, 1971ರ ಡಿಸೆಂಬರ್‌ನಲ್ಲಿ ರಾಯ್ ಕೂಡ ನಿಧನರಾದರು.

ಕೋವಿಡ್-19 ಸಾಂಕ್ರಾಮಿಕದ ಕಾರಣ 2020ರ ಮಾರ್ಚ್ ನಡುವಿನಿಂದ ಜುಲೈವರೆಗೆ ಎಲ್ಲ ಉದ್ಯಾನಗಳೂ ಮುಚ್ಚಿದ್ದವು. ಜುಲೈ 11ರಂದು ಎರಡು, ಜುಲೈ 15ರಂದು ಉಳಿದ ಎರಡು ಉದ್ಯಾನಗಳು ಮತ್ತೆ ತೆರೆದವು.

ಆಡಳಿತ

1967ರಲ್ಲಿ ಫ್ಲಾರಿಡಾ ಶಾಸನಸಭೆಯು ರೀಡಿ ಕ್ರೀಕ್ ಅಭಿವೃದ್ಧಿ ಜಿಲ್ಲೆ ಎಂಬ ವಿಶೇಷ ಆಡಳಿತ ಘಟಕವನ್ನು ರಚಿಸಿತು. ರಸ್ತೆ, ಒಳಚರಂಡಿ, ಅಗ್ನಿಶಾಮಕ ಸೇವೆ, ಕಟ್ಟಡ ನಿಯಮ ಮುಂತಾದ ವಿಷಯಗಳಲ್ಲಿ ಡಿಸ್ನಿ ಕಂಪನಿಗೆ ಇದರಿಂದ ಹೆಚ್ಚುಕಡಿಮೆ ಸ್ವಯಮಾಡಳಿತ ದೊರೆಯಿತು. 2022ರಲ್ಲಿ ರಾಜ್ಯದ ಒಂದು ಶಿಕ್ಷಣ ಕಾಯಿದೆಯನ್ನು ಕಂಪನಿಯು ವಿರೋಧಿಸಿದ ನಂತರ ರಾಜ್ಯ ಸರ್ಕಾರದೊಡನೆ ವಿವಾದ ಉಂಟಾಯಿತು. 2023ರಲ್ಲಿ ಈ ಘಟಕವನ್ನು ಮಧ್ಯ ಫ್ಲಾರಿಡಾ ಪ್ರವಾಸೋದ್ಯಮ ಮೇಲ್ವಿಚಾರಣಾ ಜಿಲ್ಲೆ ಎಂದು ಮಾರ್ಪಡಿಸಿ, ಅದರ ಮಂಡಳಿಯನ್ನು ನೇಮಿಸುವ ಅಧಿಕಾರವನ್ನು ರಾಜ್ಯಪಾಲರಿಗೆ ನೀಡಲಾಯಿತು. 2024ರ ಮಾರ್ಚ್‌ನಲ್ಲಿ ರಾಜ್ಯದ ನ್ಯಾಯಾಲಯದಲ್ಲಿದ್ದ ವ್ಯಾಜ್ಯಗಳು ರಾಜಿಯಲ್ಲಿ ಕೊನೆಗೊಂಡವು.

ಉದ್ಯಾನಗಳು

• ಮ್ಯಾಜಿಕ್ ಕಿಂಗ್‌ಡಮ್ (1971): ಕಾಲ್ಪನಿಕ ಕಥೆಗಳನ್ನು ಆಧರಿಸಿದ ಉದ್ಯಾನ. ಇದರ ನಡುವೆ ಸುಮಾರು 58 ಮೀಟರ್ ಎತ್ತರದ ಸಿಂಡರೆಲ್ಲಾ ಕೋಟೆಯಿದೆ. ಚಿಕ್ಕ ಮಕ್ಕಳು ಕುಳಿತುಕೊಳ್ಳಬಹುದಾದ ಆಟಗಳು ನಾಲ್ಕು ಉದ್ಯಾನಗಳ ಪೈಕಿ ಇಲ್ಲಿಯೇ ಅಧಿಕ. ನೌಕರರ ಓಡಾಟಕ್ಕೂ ಸಾಮಾನು ಸಾಗಣೆಗೂ ಸಂದರ್ಶಕರ ಕಣ್ಣಿಗೆ ಬೀಳದ ಸುರಂಗ ಮಾರ್ಗಗಳಿವೆ. ಅಂತರ್ಜಲ ಬಹಳ ಮೇಲಿರುವುದರಿಂದ ಈ ಮಾರ್ಗಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಅವುಗಳ ಮೇಲೆ ಉದ್ಯಾನವನ್ನು ನಿರ್ಮಿಸಲಾಗಿದೆ.

• ಎಪ್ಕಾಟ್ (1982): ವಾಲ್ಟ್ ಡಿಸ್ನಿ ಇದನ್ನು ಜನರು ನಿಜವಾಗಿ ವಾಸಿಸುವ ಭವಿಷ್ಯದ ಮಾದರಿ ನಗರವಾಗಿ ಕಲ್ಪಿಸಿಕೊಂಡಿದ್ದರು. ಅವರ ಮರಣದ ನಂತರ ಆ ಕಲ್ಪನೆಯನ್ನು ಕೈಬಿಟ್ಟು, ವಿಜ್ಞಾನ ಮತ್ತು ದೇಶದೇಶಗಳ ಸಂಸ್ಕೃತಿಯನ್ನು ಪರಿಚಯಿಸುವ ಉದ್ಯಾನವನ್ನು ಕಟ್ಟಲಾಯಿತು. ಪ್ರವೇಶದಲ್ಲಿರುವ ಸ್ಪೇಸ್‌ಶಿಪ್ ಅರ್ತ್ ಎಂಬ ಗೋಳ ಸುಮಾರು 55 ಮೀಟರ್ ಎತ್ತರವಿದೆ. ಕೊಳದ ಸುತ್ತಲೂ ಹನ್ನೊಂದು ದೇಶಗಳ ಮಂಟಪಗಳಿವೆ. ಇವುಗಳಲ್ಲಿ ಭಾರತದ ಮಂಟಪವಿಲ್ಲ.

• ಡಿಸ್ನೀಸ್ ಹಾಲಿವುಡ್ ಸ್ಟುಡಿಯೋಸ್ (1989): ಚಲನಚಿತ್ರ ಮತ್ತು ದೂರದರ್ಶನವನ್ನು ಆಧರಿಸಿದ ಉದ್ಯಾನ. 2008ರವರೆಗೆ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಎಂಬ ಹೆಸರಿತ್ತು. 2018ರಲ್ಲಿ ಟಾಯ್ ಸ್ಟೋರಿ ಲ್ಯಾಂಡ್, 2019ರಲ್ಲಿ ಸ್ಟಾರ್ ವಾರ್ಸ್ ಆಧಾರಿತ ವಿಭಾಗ ಇಲ್ಲಿ ತೆರೆದವು.

• ಡಿಸ್ನೀಸ್ ಅನಿಮಲ್ ಕಿಂಗ್‌ಡಮ್ (1998): ನಾಲ್ಕರಲ್ಲಿ ಅತ್ಯಂತ ವಿಶಾಲವಾದುದು. ಮೃಗಾಲಯವೂ ಥೀಮ್ ಪಾರ್ಕೂ ಒಂದೆಡೆ ಸೇರಿದ ಸ್ವರೂಪ ಇದರದು. ಇಲ್ಲಿಯ ಏಷ್ಯಾ ವಿಭಾಗದಲ್ಲಿ ಆನಂದಪುರ ಎಂಬ ಕಾಲ್ಪನಿಕ ಊರನ್ನು ಭಾರತ, ನೇಪಾಳ ಮೊದಲಾದ ದೇಶಗಳ ವಾಸ್ತುಶೈಲಿಯ ಪ್ರೇರಣೆಯಿಂದ ನಿರ್ಮಿಸಲಾಗಿದೆ. ಹುಲಿಗಳನ್ನು ನೋಡಬಹುದಾದ ಮಹಾರಾಜ ಜಂಗಲ್ ಟ್ರೆಕ್ ಎಂಬ ಕಾಲುದಾರಿಯೂ, ಹಿಮಾಲಯದ ಹಿನ್ನೆಲೆಯ ಎಕ್ಸ್‌ಪೆಡಿಷನ್ ಎವರೆಸ್ಟ್ (2006) ಎಂಬ ರೋಲರ್ ಕೋಸ್ಟರ್ ಕೂಡ ಇಲ್ಲಿವೆ.

ಜಲಕ್ರೀಡಾ ಉದ್ಯಾನಗಳಾದ ಟೈಫೂನ್ ಲಗೂನ್ (1989) ಮತ್ತು ಬ್ಲಿಝರ್ಡ್ ಬೀಚ್ (1995) ಪ್ರತ್ಯೇಕ ಪ್ರವೇಶದ್ವಾರಗಳನ್ನು ಹೊಂದಿವೆ.

ಪ್ರವಾಸಕ್ಕೆ ಕಾಲ

ಸಂಕೀರ್ಣವು ವರ್ಷದುದ್ದಕ್ಕೂ ತೆರೆದಿರುತ್ತದೆ. ಜನಸಂದಣಿ ಮುಖ್ಯವಾಗಿ ಅಮೆರಿಕದ ಶಾಲಾ ರಜೆಗಳನ್ನು ಅನುಸರಿಸುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಈಸ್ಟರ್ ಸುತ್ತಲಿನ ವಸಂತ ರಜೆ ಹಾಗೂ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನಗಳಲ್ಲಿ ಸಂದಣಿ ಅತ್ಯಧಿಕ. ಶಾಲೆಗಳು ಪುನರಾರಂಭಗೊಂಡ ನಂತರದ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಸಾಮಾನ್ಯವಾಗಿ ಜನರು ಕಡಿಮೆ.

ಆದರೆ ಜನ ಕಡಿಮೆಯಿರುವ ಕಾಲ ಹವಾಮಾನದ ದೃಷ್ಟಿಯಿಂದ ಅನುಕೂಲಕರವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ತೇವಾಂಶವೂ ತೀವ್ರವಾಗಿದ್ದು, ಮಧ್ಯಾಹ್ನದ ಹೊತ್ತು ಗುಡುಗು ಮಳೆ ಸಾಮಾನ್ಯ. ಮಿಂಚಿನ ಅಪಾಯವಿದ್ದಾಗ ಬಯಲಿನಲ್ಲಿರುವ ಆಟಗಳನ್ನು ನಿಲ್ಲಿಸಲಾಗುತ್ತದೆ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ. 1999, 2004, 2016, 2017, 2022 ಮತ್ತು 2024ರಲ್ಲಿ ಚಂಡಮಾರುತಗಳ ಕಾರಣ ಉದ್ಯಾನಗಳನ್ನು ತಾತ್ಕಾಲಿಕವಾಗಿ ಮುಚ್ಚಲಾಗಿತ್ತು. ಹೀಗಾಗಿ ಪ್ರವಾಸದ ದಿನಗಳನ್ನು ಗೊತ್ತುಮಾಡುವಾಗ ಸಂದಣಿ, ದರ ಮತ್ತು ಹವಾಮಾನ ಈ ಮೂರನ್ನೂ ತೂಗಿ ನೋಡಬೇಕಾಗುತ್ತದೆ.

ಟಿಕೆಟ್ ಮತ್ತು ವೆಚ್ಚ

1971ರಲ್ಲಿ ವಯಸ್ಕರ ಪ್ರವೇಶ ದರ 3.50 ಡಾಲರ್ ಇತ್ತು. ಆಟಗಳಿಗೆ ‘ಎ’ಯಿಂದ ‘ಇ’ವರೆಗಿನ ಅಕ್ಷರಗಳುಳ್ಳ ಚೀಟಿಗಳ ಪುಸ್ತಕವನ್ನು ಬೇರೆಯಾಗಿ ಕೊಳ್ಳಬೇಕಿತ್ತು. 1982ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟು, ಪ್ರವೇಶ ಶುಲ್ಕದಲ್ಲೇ ಆಟಗಳನ್ನೂ ಸೇರಿಸಲಾಯಿತು. 2018ರ ಅಕ್ಟೋಬರ್‌ನಿಂದ ದಿನಾಂಕಕ್ಕೆ ತಕ್ಕಂತೆ ಬದಲಾಗುವ ದರ ಜಾರಿಯಲ್ಲಿದೆ. 2025ರಲ್ಲಿ ವಯಸ್ಕರೊಬ್ಬರ ಒಂದು ದಿನದ ಟಿಕೆಟ್ ಬೆಲೆ, ದಿನಾಂಕ ಮತ್ತು ಉದ್ಯಾನವನ್ನು ಅವಲಂಬಿಸಿ, ಸುಮಾರು 119 ಡಾಲರ್‌ನಿಂದ 199 ಡಾಲರ್‌ವರೆಗೆ ಇತ್ತು. ಪ್ರಕಟಿತ ಬೆಲೆಯ ಮೇಲೆ ಮಾರಾಟ ತೆರಿಗೆ ಪ್ರತ್ಯೇಕ.

ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್, 10 ವರ್ಷ ತುಂಬಿದವರಿಗೆ ವಯಸ್ಕರ ಟಿಕೆಟ್ ಬೇಕು. ಉದಾಹರಣೆಗೆ, ತಂದೆ, ತಾಯಿ, ಅಜ್ಜಿ ಹಾಗೂ 11, 4 ಮತ್ತು 2 ವರ್ಷದ ಮೂವರು ಮಕ್ಕಳಿರುವ ಕುಟುಂಬಕ್ಕೆ ನಾಲ್ಕು ವಯಸ್ಕರ ಟಿಕೆಟುಗಳೂ ಒಂದು ಮಕ್ಕಳ ಟಿಕೆಟೂ ಬೇಕಾಗುತ್ತವೆ. ವಯಸ್ಕರ ಮತ್ತು ಮಕ್ಕಳ ಟಿಕೆಟುಗಳ ಬೆಲೆಯ ಅಂತರ ಅಲ್ಪ.

ಹೆಚ್ಚು ದಿನಗಳ ಟಿಕೆಟ್ ಕೊಂಡಂತೆ ಪ್ರತಿ ದಿನದ ಸರಾಸರಿ ವೆಚ್ಚ ಇಳಿಯುತ್ತದೆ. ಸಾಮಾನ್ಯ ಟಿಕೆಟಿನಲ್ಲಿ ದಿನಕ್ಕೆ ಒಂದೇ ಉದ್ಯಾನಕ್ಕೆ ಪ್ರವೇಶ. ಒಂದೇ ದಿನ ಬೇರೆ ಉದ್ಯಾನಕ್ಕೂ ಹೋಗಬೇಕಾದರೆ ‘ಪಾರ್ಕ್ ಹಾಪರ್’ ಎಂಬ ಹೆಚ್ಚುವರಿ ಆಯ್ಕೆಗೆ ಹಣ ತೆರಬೇಕು. ಬಹುದಿನಗಳ ಟಿಕೆಟನ್ನು ನಿಗದಿತ ಅವಧಿಯೊಳಗೆ ಬಳಸಿ ಮುಗಿಸಬೇಕು. ಟಿಕೆಟಿನ ಹಣವನ್ನು ಹಿಂತಿರುಗಿಸಲಾಗುವುದಿಲ್ಲ. ಕುಟುಂಬದ ಒಟ್ಟು ವೆಚ್ಚದಲ್ಲಿ ಟಿಕೆಟಿನೊಡನೆ ವಸತಿ, ಊಟ, ವಾಹನ ನಿಲುಗಡೆ, ಸರತಿ ಸಾಲು ತಪ್ಪಿಸುವ ಶುಲ್ಕ ಮತ್ತು ಮಕ್ಕಳು ಬಯಸುವ ಆಟಿಕೆಗಳ ಖರ್ಚೂ ಸೇರುತ್ತದೆ.

ವಸತಿ ಮತ್ತು ಸಂಚಾರ

ಸಂಕೀರ್ಣದೊಳಗಿನ ಹೋಟೆಲುಗಳನ್ನು ದರಕ್ಕನುಗುಣವಾಗಿ ಮಿತವ್ಯಯ, ಮಧ್ಯಮ ಮತ್ತು ಐಷಾರಾಮಿ ವರ್ಗಗಳಾಗಿ ವಿಂಗಡಿಸಲಾಗಿದೆ. ಇಲ್ಲಿ ತಂಗುವವರಿಗೆ ಉದ್ಯಾನಗಳಲ್ಲಿ ಅರ್ಧ ಗಂಟೆ ಮೊದಲೇ ಪ್ರವೇಶ, ಉದ್ಯಾನಗಳ ಬಳಿ ಉಚಿತ ವಾಹನ ನಿಲುಗಡೆ ಹಾಗೂ ಉಚಿತ ಬಸ್ ಸೇವೆ ಲಭ್ಯ. ಹೊರಗಿನ ಹೋಟೆಲುಗಳು ಸಾಮಾನ್ಯವಾಗಿ ಅಗ್ಗವಾಗಿದ್ದು, ಅಡುಗೆ ಕೋಣೆಯಿರುವ ಬಾಡಿಗೆ ಮನೆಗಳೂ ಸಮೀಪದ ಕಿಸ್ಸಿಮಿ ಪ್ರದೇಶದಲ್ಲಿ ದೊರೆಯುತ್ತವೆ. ಆದರೆ ಅಲ್ಲಿಂದ ದಿನವೂ ಓಡಾಡಲು ಕಾರು ಅಥವಾ ಟ್ಯಾಕ್ಸಿ ಅಗತ್ಯ.

ಒರ್ಲ್ಯಾಂಡೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಹೋಟೆಲಿನ ಅತಿಥಿಗಳಿಗೆ ಅಲ್ಲಿಂದ ಇದ್ದ ಉಚಿತ ಬಸ್ ಸೇವೆ 2022ರ ಜನವರಿಯಲ್ಲಿ ಕೊನೆಗೊಂಡಿತು. ಸಂಕೀರ್ಣದೊಳಗೆ ಬಸ್ಸು, ದೋಣಿ, ಮಾನೋರೈಲು ಹಾಗೂ 2019ರಲ್ಲಿ ಆರಂಭವಾದ ಸ್ಕೈಲೈನರ್ ಎಂಬ ತೂಗುತೊಟ್ಟಿಲು ಸಾರಿಗೆ ಇವೆ. ಕಾರಿನಲ್ಲಿ ಬಂದವರು ಮ್ಯಾಜಿಕ್ ಕಿಂಗ್‌ಡಮ್‌ನ ಬಾಗಿಲವರೆಗೆ ನೇರವಾಗಿ ತಲುಪಲಾಗದು. ವಾಹನವನ್ನು ಸಾರಿಗೆ ಕೇಂದ್ರದಲ್ಲಿ ನಿಲ್ಲಿಸಿ, ಕೃತಕ ಸರೋವರವನ್ನು ಮಾನೋರೈಲು ಅಥವಾ ದೋಣಿಯ ಮೂಲಕ ದಾಟಬೇಕು. ಈ ಪ್ರಯಾಣದ ಸಮಯವನ್ನೂ ದಿನದ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಸರತಿ ಸಾಲಿನ ನಿರ್ವಹಣೆ

ಜನಪ್ರಿಯ ಆಟಗಳಿಗೆ ಗಂಟೆಗೂ ಮೀರಿ ಕಾಯಬೇಕಾಗುವುದುಂಟು. 1999ರಲ್ಲಿ ಡಿಸ್ನಿ ‘ಫಾಸ್ಟ್‌ಪಾಸ್’ ಎಂಬ ಉಚಿತ ವ್ಯವಸ್ಥೆಯನ್ನು ತಂದಿತು. ಸಂದರ್ಶಕರು ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ನಮೂದಾದ ಸಮಯಕ್ಕೆ ಮರಳಿ ಬಂದು ಚಿಕ್ಕ ಸಾಲಿನಲ್ಲಿ ಒಳಹೋಗಬಹುದಿತ್ತು. ಮುಂದೆ ಇದು ಕೈಪಟ್ಟಿ ಮತ್ತು ಮೊಬೈಲ್ ಆಧಾರಿತ ‘ಫಾಸ್ಟ್‌ಪಾಸ್ ಪ್ಲಸ್’ ಆಯಿತು. ಸಾಂಕ್ರಾಮಿಕದ ಸಮಯದಲ್ಲಿ ಉಚಿತ ವ್ಯವಸ್ಥೆ ಸ್ಥಗಿತಗೊಂಡಿತು. 2021ರ ಅಕ್ಟೋಬರ್‌ನಲ್ಲಿ ಅದರ ಜಾಗದಲ್ಲಿ ‘ಜೀನೀ ಪ್ಲಸ್’ ಎಂಬ ಶುಲ್ಕಸಹಿತ ಸೇವೆ ಬಂದಿತು. 2024ರ ಜುಲೈನಿಂದ ಇದು ‘ಲೈಟ್ನಿಂಗ್ ಲೇನ್ ಮಲ್ಟಿ ಪಾಸ್’ ಮತ್ತು ‘ಸಿಂಗಲ್ ಪಾಸ್’ ಎಂಬ ಹೆಸರುಗಳಲ್ಲಿ ನಡೆಯುತ್ತಿದೆ. ಡಿಸ್ನಿ ಹೋಟೆಲುಗಳಲ್ಲಿ ತಂಗುವವರು ಏಳು ದಿನ ಮೊದಲು, ಇತರರು ಮೂರು ದಿನ ಮೊದಲು ಇದನ್ನು ಕಾಯ್ದಿರಿಸಬಹುದು.

ಒಂದು ಆಟವು ಗಂಟೆಗೆ ಸಾಗಿಸಬಲ್ಲ ಜನರ ಸಂಖ್ಯೆ ಸೀಮಿತ. ಆದ್ದರಿಂದ ಆದ್ಯತೆಯ ಸಾಲಿಗೆ ನೀಡಿದ ಪ್ರತಿಯೊಂದು ಆಸನವೂ ಸಾಮಾನ್ಯ ಸಾಲಿನಿಂದ ಕಳೆಯುತ್ತದೆ. ಗಂಟೆಗೆ 1,500 ಜನರನ್ನು ಒಯ್ಯುವ ಆಟವೊಂದನ್ನು ಊಹಿಸಿಕೊಂಡರೆ, ಸಾಲಿನಲ್ಲಿರುವ 500 ಜನರು 20 ನಿಮಿಷಗಳಲ್ಲಿ ಒಳಹೋಗುತ್ತಾರೆ. 1,000 ಆಸನಗಳು ಆದ್ಯತೆಯ ಸಾಲಿಗೆ ಮೀಸಲಾದರೆ, ಅದೇ 500 ಜನರಿಗೆ ಒಂದು ಗಂಟೆ ಹಿಡಿಯುತ್ತದೆ. ಹಣ ತೆರದ ಕುಟುಂಬಗಳು ಹೆಚ್ಚು ಹೊತ್ತು ಕಾಯಬೇಕಾಗುತ್ತದೆ ಎಂಬ ಟೀಕೆಗೆ ಈ ಲೆಕ್ಕವೇ ಆಧಾರ.

ಶುಲ್ಕ ತೆರದೆಯೂ ಕಾಯುವ ಸಮಯವನ್ನು ತಗ್ಗಿಸಲು ಸಾಧ್ಯವಿದೆ. ಉದ್ಯಾನ ತೆರೆಯುವ ಮೊದಲೇ ಬಾಗಿಲ ಬಳಿ ಇದ್ದು ಹೆಚ್ಚು ಬೇಡಿಕೆಯ ಆಟಕ್ಕೆ ಮೊದಲು ಹೋಗುವುದು, ನಡುಹಗಲಿನ ಬಿಸಿಲಿನಲ್ಲಿ ಕೊಠಡಿಗೆ ಮರಳಿ ವಿಶ್ರಮಿಸುವುದು, ಮೆರವಣಿಗೆ ಅಥವಾ ಬಾಣಬಿರುಸಿನ ಪ್ರದರ್ಶನದ ಹೊತ್ತಿನಲ್ಲಿ ಆಟಗಳಿಗೆ ಹೋಗುವುದು ಇವು ರೂಢಿಯಲ್ಲಿರುವ ಕ್ರಮಗಳು.

ಮಕ್ಕಳು ಮತ್ತು ಹಿರಿಯರು

ವೇಗದ ಆಟಗಳಿಗೆ ವಯಸ್ಸಿನ ಬದಲು ಎತ್ತರದ ಮಿತಿಯಿದ್ದು, ಪ್ರವೇಶದ ಬಳಿ ಮಗುವನ್ನು ಅಳೆದು ನೋಡಲಾಗುತ್ತದೆ. ಕೆಲವು ಆಟಗಳಿಗೆ ಬೇಕಾದ ಕನಿಷ್ಠ ಎತ್ತರ ಹೀಗಿದೆ:

• ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್: 38 ಅಂಗುಲ (97 ಸೆಂ.ಮೀ.)
• ಟವರ್ ಆಫ್ ಟೆರರ್: 40 ಅಂಗುಲ (102 ಸೆಂ.ಮೀ.)
• ಸ್ಪೇಸ್ ಮೌಂಟನ್: 44 ಅಂಗುಲ (112 ಸೆಂ.ಮೀ.)
• ಎಕ್ಸ್‌ಪೆಡಿಷನ್ ಎವರೆಸ್ಟ್: 44 ಅಂಗುಲ (112 ಸೆಂ.ಮೀ.)
• ಟ್ರಾನ್ ಲೈಟ್‌ಸೈಕಲ್ ರನ್: 48 ಅಂಗುಲ (122 ಸೆಂ.ಮೀ.)

ಮನೆಯಲ್ಲೇ ಮಗುವಿನ ಎತ್ತರವನ್ನು ಅಳೆದುಕೊಂಡು ಹೊರಟರೆ, ಸಾಲಿನ ಬಳಿ ನಿರಾಸೆಯಾಗುವುದನ್ನು ತಪ್ಪಿಸಬಹುದು. ಮಿತಿಗಿಂತ ಚಿಕ್ಕ ಮಗುವಿರುವ ಕುಟುಂಬಗಳಿಗೆ ‘ರೈಡರ್ ಸ್ವಿಚ್’ ಎಂಬ ಉಚಿತ ಸೌಲಭ್ಯವಿದೆ. ಹಿರಿಯರಲ್ಲಿ ಒಬ್ಬರು ಮಗುವಿನೊಡನೆ ಹೊರಗಿದ್ದು, ಉಳಿದವರು ಮರಳಿದ ಬಳಿಕ ತಾವು ಪುನಃ ಪೂರ್ತಿ ಸಾಲಿನಲ್ಲಿ ನಿಲ್ಲದೆ ಆಟಕ್ಕೆ ಹೋಗಬಹುದು.

ಪ್ರತಿ ಉದ್ಯಾನದಲ್ಲಿಯೂ ಹಾಲುಣಿಸಲು ಮತ್ತು ಬಟ್ಟೆ ಬದಲಿಸಲು ಶಿಶು ಆರೈಕೆ ಕೇಂದ್ರ ಹಾಗೂ ಪ್ರಥಮ ಚಿಕಿತ್ಸಾ ಕೇಂದ್ರ ಇವೆ. ಮಕ್ಕಳ ತಳ್ಳುಗಾಡಿ ಮತ್ತು ಗಾಲಿಕುರ್ಚಿಗಳು ಬಾಡಿಗೆಗೆ ಸಿಗುತ್ತವೆ. 2019ರ ಮೇ 1ರಿಂದ 79 ಸೆಂ.ಮೀ. ಅಗಲ ಮತ್ತು 132 ಸೆಂ.ಮೀ. ಉದ್ದವನ್ನು ಮೀರಿದ ತಳ್ಳುಗಾಡಿಗಳಿಗೆ ಪ್ರವೇಶವಿಲ್ಲ. ದಿನವೊಂದರಲ್ಲಿ ಹಲವಾರು ಕಿಲೋಮೀಟರ್ ನಡೆಯಬೇಕಾಗುವುದರಿಂದ, ಮನೆಯಲ್ಲಿ ಆಸರೆಯಿಲ್ಲದೆ ಓಡಾಡುವ ಹಿರಿಯರಿಗೂ ಇಲ್ಲಿ ಗಾಲಿಕುರ್ಚಿ ಬೇಕಾಗಬಹುದು.

ಅಂಗವಿಕಲರಿಗೆ ಸೌಲಭ್ಯ

ಸಾಲಿನಲ್ಲಿ ಬಹಳ ಹೊತ್ತು ನಿಲ್ಲಲಾಗದವರಿಗೆ, ಕಾಯುವ ಸಮಯವನ್ನು ಸಾಲಿನ ಹೊರಗೆ ಕಳೆದು ನಿಗದಿತ ಹೊತ್ತಿಗೆ ಬರಲು ಅವಕಾಶ ನೀಡುವ ವ್ಯವಸ್ಥೆ 2013ರ ಅಕ್ಟೋಬರ್‌ನಿಂದ ಇದೆ. ಅದಕ್ಕೆ ಮೊದಲಿದ್ದ ವ್ಯವಸ್ಥೆಯಲ್ಲಿ, ಸಾಲು ತಪ್ಪಿಸಲೆಂದು ಕೆಲವರು ಅಂಗವಿಕಲರನ್ನು ಹಣ ಕೊಟ್ಟು ಜೊತೆಗೆ ಕರೆದೊಯ್ಯುತ್ತಿದ್ದರೆಂಬ ವರದಿಗಳು ಬಂದಿದ್ದವು. 2024ರ ಮೇ ತಿಂಗಳಲ್ಲಿ ಅರ್ಹತೆಯನ್ನು ಮುಖ್ಯವಾಗಿ ಆಟಿಸಂ ಅಥವಾ ಅದರಂತಹ ಬೆಳವಣಿಗೆಯ ತೊಂದರೆಗಳುಳ್ಳವರಿಗೆ ಸೀಮಿತಗೊಳಿಸಲಾಯಿತು. ದುರುಪಯೋಗ ತಡೆಯಲು ಇದು ಅಗತ್ಯವೆಂದು ಕಂಪನಿ ಹೇಳಿದರೆ, ದೈಹಿಕ ಕಾಯಿಲೆಗಳಿಂದ ಬಳಲುವವರು ಹೊರಗುಳಿಯುತ್ತಾರೆಂದು ಅಂಗವಿಕಲರ ಪರ ಹೋರಾಟಗಾರರು ಆಕ್ಷೇಪಿಸಿದರು. ಈ ಸಂಬಂಧ 2025ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ದಾಖಲಾಯಿತು. ಸೌಲಭ್ಯ ಬೇಕಾದವರು ಪ್ರವಾಸಕ್ಕೆ ಮೊದಲೇ ವಿಡಿಯೊ ಸಂಭಾಷಣೆಯ ಮೂಲಕ ನೋಂದಾಯಿಸಿಕೊಳ್ಳಬೇಕು.

ಆಹಾರ

ಮೇಜಿನ ಬಳಿ ಬಡಿಸುವ ಉಪಾಹಾರ ಗೃಹಗಳಲ್ಲಿ 60 ದಿನ ಮೊದಲು ಸ್ಥಳ ಕಾಯ್ದಿರಿಸಬಹುದು. ಸ್ವಸಹಾಯ ಪದ್ಧತಿಯ ಊಟದ ಅಂಗಡಿಗಳಲ್ಲಿ ಮೊಬೈಲ್ ಮೂಲಕ ಮೊದಲೇ ಆಹಾರ ಕೇಳಿಡಬಹುದು. ಸಂದರ್ಶಕರು ಮನೆಯಿಂದ ತಿಂಡಿ ತರಲು ಅನುಮತಿಯಿದೆ. ಆದರೆ ಗಾಜಿನ ಪಾತ್ರೆಗಳು, ಮದ್ಯ ಮತ್ತು ಬಿಸಿ ಮಾಡಬೇಕಾದ ಆಹಾರ ನಿಷಿದ್ಧ. ಪಾನೀಯ ಮಾರುವ ಸ್ವಸಹಾಯ ಅಂಗಡಿಗಳಲ್ಲಿ ಕೇಳಿದವರಿಗೆ ಕುಡಿಯುವ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ.

ಸುರಕ್ಷತೆ

ಪ್ರವೇಶದಲ್ಲಿ ಎಲ್ಲರ ಚೀಲಗಳನ್ನೂ ಪರೀಕ್ಷಿಸಲಾಗುತ್ತದೆ. ಸೆಲ್ಫಿ ಕೋಲುಗಳನ್ನು 2015ರಿಂದ ನಿಷೇಧಿಸಲಾಗಿದೆ. ಫ್ಲಾರಿಡಾದ ಸಿಹಿನೀರಿನ ಕೆರೆಗಳಲ್ಲಿ ಆಲಿಗೇಟರ್ ಎಂಬ ಮೊಸಳೆ ಜಾತಿಯ ಪ್ರಾಣಿಗಳು ಸಾಮಾನ್ಯ. 2016ರ ಜೂನ್‌ನಲ್ಲಿ ಸಂಕೀರ್ಣದ ಸರೋವರದ ದಡದಲ್ಲಿ ಎರಡು ವರ್ಷದ ಬಾಲಕನೊಬ್ಬ ಆಲಿಗೇಟರ್ ದಾಳಿಗೆ ಬಲಿಯಾದ ನಂತರ, ದಡಗಳಲ್ಲಿ ಬೇಲಿಗಳನ್ನೂ ಎಚ್ಚರಿಕೆಯ ಫಲಕಗಳನ್ನೂ ಹಾಕಲಾಗಿದೆ. ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು. ಗುಂಪಿನಲ್ಲಿ ಮಗು ತಪ್ಪಿಸಿಕೊಂಡರೆ ಹತ್ತಿರದ ನೌಕರರಿಗೆ ಕೂಡಲೇ ತಿಳಿಸಬೇಕು. ಹೆಸರಿನ ಪಟ್ಟಿ ಧರಿಸಿರುವ ನೌಕರರನ್ನು ಮಕ್ಕಳಿಗೆ ಮೊದಲೇ ತೋರಿಸಿಕೊಡುವುದು ಮತ್ತು ಪೋಷಕರ ದೂರವಾಣಿ ಸಂಖ್ಯೆಯನ್ನು ಮಗುವಿನ ಬಳಿ ಬರೆದಿಡುವುದು ಉತ್ತಮ.

ಭಾರತದಿಂದ ಬರುವ ಪ್ರವಾಸಿಗರು

ಭಾರತೀಯ ನಾಗರಿಕರಿಗೆ ಅಮೆರಿಕದ ಸಂದರ್ಶಕ ವೀಸಾ ಕಡ್ಡಾಯ. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ ಕಾರಣ, ಹಣ ಮರಳದ ಟಿಕೆಟುಗಳನ್ನು ವೀಸಾ ದೊರೆತ ನಂತರ ಕೊಳ್ಳುವುದು ಸೂಕ್ತ. ಫ್ಲಾರಿಡಾದ ಸಮಯ ಭಾರತಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿರುತ್ತದೆ. ಮಕ್ಕಳ ನಿದ್ದೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕಾಗುವುದರಿಂದ, ಬಂದಿಳಿದ ಮರುದಿನವೇ ಉದ್ಯಾನದ ಟಿಕೆಟ್ ಇಟ್ಟುಕೊಳ್ಳದಿರುವುದು ಒಳಿತು. ಅಮೆರಿಕದಲ್ಲಿ ವೈದ್ಯಕೀಯ ವೆಚ್ಚ ಬಹಳ ಹೆಚ್ಚಿರುವ ಕಾರಣ ಪ್ರವಾಸ ವಿಮೆ ಅಗತ್ಯ. ಕಾರು ಬಾಡಿಗೆಗೆ ಪಡೆಯುವವರು, ಫ್ಲಾರಿಡಾದ ಕಾನೂನಿನಂತೆ ಐದು ವರ್ಷದವರೆಗಿನ ಮಕ್ಕಳಿಗೆ ವಿಶೇಷ ಸುರಕ್ಷತಾ ಆಸನ ಕಡ್ಡಾಯವೆಂಬುದನ್ನು ಗಮನಿಸಬೇಕು.

2019ರಿಂದ ಸಸ್ಯಮೂಲದ ತಿನಿಸುಗಳನ್ನು ಆಹಾರ ಪಟ್ಟಿಯಲ್ಲಿ ಹಸಿರು ಎಲೆಯ ಚಿಹ್ನೆಯಿಂದ ಗುರುತಿಸಲಾಗುತ್ತಿದೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ತಿನಿಸುಗಳಿಗೆ ಮಾತ್ರ ಈ ಚಿಹ್ನೆ ಇರುವುದರಿಂದ, ಹಾಲಿನ ಪದಾರ್ಥ ಸೇವಿಸುವ ಸಸ್ಯಾಹಾರಿಗಳು ಇತರ ತಿನಿಸುಗಳ ಬಗ್ಗೆಯೂ ವಿಚಾರಿಸಬಹುದು. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ‘ಸನಾ’ ಎಂಬ ಉಪಾಹಾರ ಗೃಹದಲ್ಲಿ ಭಾರತೀಯ ಮತ್ತು ಆಫ್ರಿಕನ್ ರುಚಿಯ ಅಡುಗೆ, ನಾನ್ ಹಾಗೂ ಬಗೆಬಗೆಯ ಚಟ್ನಿಗಳು ದೊರೆಯುತ್ತವೆ.

ಟೀಕೆ

ಪ್ರವೇಶ ದರದ ನಿರಂತರ ಏರಿಕೆಯಿಂದ ಮಧ್ಯಮ ವರ್ಗದ ಕುಟುಂಬಗಳಿಗೆ ಈ ಪ್ರವಾಸ ಕೈಗೆಟುಕದಂತಾಗುತ್ತಿದೆ ಎಂಬುದು ಸಂಕೀರ್ಣದ ಬಗ್ಗೆ ಕೇಳಿಬರುವ ಮುಖ್ಯ ಟೀಕೆ. ಹಿಂದೆ ಉಚಿತವಾಗಿದ್ದ ಆದ್ಯತೆಯ ಸಾಲು, ವಿಮಾನ ನಿಲ್ದಾಣದ ಬಸ್ಸು ಮುಂತಾದ ಸೌಲಭ್ಯಗಳು ಶುಲ್ಕಕ್ಕೆ ಒಳಪಟ್ಟಿರುವುದು ಅಥವಾ ನಿಂತುಹೋಗಿರುವುದು ಈ ಅಸಮಾಧಾನವನ್ನು ಹೆಚ್ಚಿಸಿದೆ. ಪ್ರವಾಸದ ಬಹುಪಾಲು ಮೊಬೈಲ್ ಆ್ಯಪ್ ಮೂಲಕವೇ ನಡೆಯುವುದರಿಂದ, ಕುಟುಂಬದೊಡನೆ ಕಳೆಯಬೇಕಾದ ಹೊತ್ತು ಪರದೆ ನೋಡುವುದರಲ್ಲಿ ಹೋಗುತ್ತದೆ ಎಂಬ ದೂರೂ ಇದೆ. 1971ರಿಂದ ಇದ್ದ ಮ್ಯಾಜಿಕ್ ಕಿಂಗ್‌ಡಮ್‌ನ ಕೃತಕ ನದಿ ಮತ್ತು ಹಬೆದೋಣಿಯನ್ನು ಹೊಸ ವಿಭಾಗವೊಂದರ ನಿರ್ಮಾಣಕ್ಕಾಗಿ 2025ರ ಜುಲೈನಲ್ಲಿ ಮುಚ್ಚಿದಾಗ, ಹಳೆಯ ಸಂದರ್ಶಕರಲ್ಲಿ ಅನೇಕರು ಬೇಸರ ವ್ಯಕ್ತಪಡಿಸಿದರು.